ಹೊಸಿಲಲ್ಲಿ ಕೂತ ಹಕ್ಕಿ

ಬೆಳಗ್ಗೆ ಏಳಕ್ಕೇ ಈ ಅನಿಲವನ್ನು ಎಬ್ಬಿಸಲು ಕೂರುತ್ತೇನೆ.
ಕ್ಸೆನಾನ್. ಗ್ರೀಕರ ಬಾಯಲ್ಲಿ ಪರದೇಶಿ ಅಂತ ಅರ್ಥ.
ಯಾರ ಉಸಾಬರಿಗೂ ಹೋಗದ ಜಾತಿ,
ಉರಿಯದು, ಕೊಳೆಯದು, ಸುಲಭಕ್ಕೆ ಯಾರೊಡನೆಯೂ ಕೂಡದು.
ರುಬಿಡಿಯಂ ಆವಿಗೆ ಲೇಸರಿನ ಬೆಳಕು ಊಡಿ
ಆ ಆವಿಯ ಮೈಗೆ ಇದರ ಮೈ ತಾಕಿಸಿ ತಾಕಿಸಿ
ಪರಮಾಣುಗಳು ಒಂದೇ ದಿಕ್ಕಿಗೆ ತಲೆ ತಿರುಗಿಸುವ ತನಕ ಕಾಯಬೇಕು.
ಎಲ್ಲವೂ ಮಾತು ಕೇಳುವುದಿಲ್ಲ. ಕೇಳಿದಷ್ಟು ಸಾಕು.
ಹಿಮ ಮಾಡಿ, ಕರಗಿಸಿ, ಚೀಲಕ್ಕೆ ತುಂಬಿ
ಕಾರಿಡಾರಿನಲ್ಲಿ ನಡೆ. ಓಡಬೇಡ, ನಿಲ್ಲಲೂ ಬೇಡ.
ಕಲಿತದ್ದನ್ನು ನಿಮಿಷ ನಿಮಿಷಕ್ಕೂ ಮರೆಯುತ್ತಿರುತ್ತದೆ ಇದು.

ಇವತ್ತಿನವರು ವಿಲ್ಫ್ ಆಲರೆನ್‌ಶಾ. ಎಪ್ಪತ್ತೊಂದು.
ಶೆಫೀಲ್ಡಿನ ಅರ ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ,
ಸ್ಕೈ ಎಡ್ಜ್ ಗುಡ್ಡದ ಪಾರಿವಾಳದ ಗೂಡಿನಲ್ಲಿ ಐವತ್ತು.
ಉಕ್ಕಿನ ಪುಡಿ ಉಳಿಸಿಟ್ಟ ಎದೆಯನ್ನು
ರೆಕ್ಕೆಯ ಹುಡಿ ನಾರುಗಟ್ಟಿಸಿತು, ಅಂತಾರೆ ಡಾಕ್ಟರು.
‘ನನ್ನ ಹೆಂಡತಿ ಮೊದಲೇ ಹೇಳಿದ್ದಳು’ ಅಂತಾರೆ ಇವರು.
ಮಾರ್ಚಿಯಲ್ಲಿ ಇಪ್ಪತ್ತಾರು ಹಕ್ಕಿಗಳನ್ನು
ಬಾರ್ನ್ಸ್ಲಿಯ ಯಾರಿಗೋ ಮಾರಿದರು.
ಎರಡು ವಾಪಸು ಬಂದವು. ಕೊಟ್ಟು ಬಂದರು.
ಮತ್ತೆ ಬಂದವು.

ಊದುವ ಪರೀಕ್ಷೆಯ ಅಂಕಿ ಹೋದ ವರ್ಷದ್ದೇ.
ಆದರೆ ಹೋದ ವರ್ಷ ಮೆಟ್ಟಿಲಿನ ನಡುವೆ ಇವರು
ಚಿತ್ರ ನೋಡುವ ನೆಪ ಮಾಡಿ ನಿಲ್ಲುತ್ತಿರಲಿಲ್ಲ.

ಎದೆಗೆ ತಂತಿಯ ಅಂಗಿ ತೊಡಿಸಿ
ಡಿಲ್ಯಸ್ ಅವರನ್ನು ಸುರಂಗದ ಬಾಯಿಗೆ ಮಲಗಿಸುತ್ತಾಳೆ.
ಬಿಡಿ. ಇನ್ನೂ ಬಿಡಿ.
ಈಗ ಚೀಲ. ಎಳೆಯಿರಿ.
ಹಿಡಿಯಿರಿ.
ಹದಿನೈದು ಸೆಕೆಂಡು. ಯಂತ್ರ ತಗಡು ಬಡಿದಂತೆ ಬಡಿಯುತ್ತದೆ.
ಹತ್ತರಲ್ಲಿ ಅವರ ಕಾಲ್ಬೆರಳು ಮಡಚಿಕೊಳ್ಳುತ್ತವೆ.

ಬಿಟ್ಟರು. ಬಿಟ್ಟೊಡನೆ ಮಾತು:
ಹಂಡೆಯ ತಳದಿಂದ ಬಂದ ದನಿ, ಭಾರದ ಅನಿಲದ್ದು.
‘ಇದು ನಮ್ಮಪ್ಪನ ಗಂಟಲಲ್ಲವಾ!’
ನಕ್ಕರು. ಕೆಮ್ಮಿದರು. ಬೆರಳಿನ ದೀಪ ತೊಂಬತ್ತೊಂದಕ್ಕಿಳಿದು
ತಡವಾಗಿ ಏರಿತು.

ಪರದೆಯ ಮೇಲೆ ಮೂರು ದಿಬ್ಬ.
ಗಾಳಿಗೂಡಿನಲ್ಲಿ ಸುಮ್ಮನಿದ್ದ ಅನಿಲ, ಆಚೆ ಒಂಟಿಯಾಗಿ;
ಗೋಡೆಯೊಳಗೆ ಇಳಿದದ್ದು;
ಗೋಡೆ ದಾಟಿ ಕೆಂಪು ಕಣ ಮುಟ್ಟಿದ್ದು.
ಸರಿಯಿರುವ ಎದೆಯಲ್ಲಿ ಈ ಕೊನೆಯದು
ಗೋಡೆಯದರ ಅರ್ಧದಷ್ಟಾದರೂ ಏಳುತ್ತದೆ.
ಇವರದು ಹುತ್ತದ ಪಕ್ಕದ ಇರುವೆಗೂಡು.

‘ನನಗೂ ತೋರಿಸಿ.’
ಹೇಳುವವರು ಡಾಕ್ಟರು, ನಾವಲ್ಲ; ನಿಯಮ.
ಡಿಲ್ಯಸ್ ನನ್ನ ಮುಖ ನೋಡಿದಳು. ನಾನು ಪರದೆ ತಿರುಗಿಸಿದೆ.
ಗಾಳಿ ಬರುತ್ತಿದೆ, ಎಲ್ಲ ಮೂಲೆಗೂ, ಅಂದೆ.
ಹೊಸಿಲು ದಪ್ಪವಾಗಿದೆ. ಅಲ್ಲೇ ನಿಂತುಬಿಡುತ್ತದೆ.

ಬಹಳ ಹೊತ್ತು ನೋಡಿದರು.
‘ಎಂಬತ್ತೊಂಬತ್ತರಲ್ಲಿ, ಫ್ರಾನ್ಸಿನ ರೆನ್ ಪಂದ್ಯ.
ನನ್ನ ನೀಲಿ ಹೆಣ್ಣು ಊರಿಗೇ ಮೊದಲು ಬಂತು.
ಬಂದು, ಸೂರಿನ ಮೇಲೆ ಕೂತಿತು.
ಒಳಗೆ ಬಂದು ಕಾಲಿನ ಉಂಗುರ ಗಡಿಯಾರಕ್ಕೆ ಬೀಳುವ ತನಕ
ಬಂದ ಲೆಕ್ಕವಿಲ್ಲ, ಗೊತ್ತಾ.
ಹನ್ನೊಂದು ನಿಮಿಷ. ನಾನು ಕಾಳಿನ ಡಬ್ಬಿ ಅಲ್ಲಾಡಿಸುತ್ತ,
ಅದು ಗರಿ ತಿದ್ದಿಕೊಳ್ಳುತ್ತ.
ಆರುನೂರು ಕಿಲೋಮೀಟರು ಹಾರಿ, ಒಂದು ಗೇಣು ದೂರದಲ್ಲಿ.’

ಅಂಗಿಯ ಗುಂಡಿ ಒಂದು ಮನೆ ತಪ್ಪಿಸಿ ಹಾಕಿಕೊಂಡರು.
‘ಹೊಸಿಲಿಗೆ ಅರ ಹಾಕಿ ಉಜ್ಜಲು ಬರುವುದಿಲ್ಲವಾ?’
ಕೈ ತಾನಾಗಿ ಅರ ಹಿಡಿದಂತೆ ಆಡಿತು, ಮುಂದೆ, ಹಿಂದೆ.
ಇಲ್ಲ, ಅಂದೆ. ಇರುವ ಮಾತ್ರೆ ಉಜ್ಜುವುದಿಲ್ಲ,
ಇನ್ನಷ್ಟು ದಪ್ಪವಾಗುವುದನ್ನು ತಡಮಾಡುತ್ತದೆ.
ಆರು ತಿಂಗಳಿಗೆ ಮತ್ತೆ ಬನ್ನಿ, ಅಳೆಯೋಣ.

‘ತಡ’ ಅಂದರು, ಮಾತನ್ನು ನಾಲಿಗೆಯ ಮೇಲೆ ಇಟ್ಟು ನೋಡುವವರಂತೆ.

ಅಷ್ಟರಲ್ಲಿ ಚೀಲ ಬರಿದು. ಅವರ ಉಸಿರಿಂದ ಹೊರಬಿದ್ದ ಪರದೇಶಿ
ಕೋಣೆಯಲ್ಲೆಲ್ಲೋ, ಯಾವ ದಿಕ್ಕೂ ನೆನಪಿಲ್ಲದೆ.

ಬಾಗಿಲ ತನಕ ಹೋದವರನ್ನು ನಾನೇ ಕರೆದು ಕೇಳಿದೆ:
ಆ ಹಕ್ಕಿ, ಕೊನೆಗೆ ಒಳಗೆ ಬಂದದ್ದು ಹೇಗೆ?

‘ನನಗೆ ಸಾಕಾಗಿ ಡಬ್ಬಿ ಕೆಳಗಿಟ್ಟೆ. ಆಗ ಬಂತು.’
ಉಸಿರಿಗೆ ನಿಂತರು.
‘ನಾಲ್ಕನೇ ಬಹುಮಾನ.’